ಗಂಟೆ ಆಗುವ ತನಕ

ಸುಜಯ ನನ್ನೊಡನೆ ಆಡಿದ ಮೊದಲ ಮಾತು: "ಅಡುಗೆಯವರಿಗೆ ದಾರಿ ಹಿಂದುಗಡೆ."

ಕೋಡಿಬಾಗದ ಕಾಳಿತೀರ ಕ್ಲಬ್ಬಿನ ಮೆಟ್ಟಿಲ ಮೇಲೆ ನಿಂತಿದ್ದ. ಇಸ್ತ್ರಿ ಮುರಿಯದ ಅಂಗಿ, ಅಧ್ಯಕ್ಷರ ಮಗನೆಂಬ ಗತ್ತು. ನಾನು ಬಂದದ್ದು ಕ್ಲಬ್ಬಿನ ಹಳೆಯ ದೋಣಿ ನೋಡಲು.

"ನಾನು ದೇವಿದಾಸರ ಮಗಳು, ರಕ್ಷಿತಾ. ಈ ಸಲ ಚುಕ್ಕಾಣಿ ಹಿಡಿಯೂದು ನಾನು."

ಅವನ ಕಿವಿ ಕೆಂಪಾಯಿತು. ಚಂದದ ಕಿವಿ. ನೋಡಿದ್ದಂತೂ ಹೌದು.

ಆಮೇಲೆ ಪ್ರತಿ ಭಾನುವಾರ ನಮ್ಮೂರು ದೇವಬಾಗಕ್ಕೆ ಬರತೊಡಗಿದ. ನಾನು ವಾರವೆಲ್ಲ ಅಂಕೋಲೆಯ ಬ್ಯಾಂಕಿನಲ್ಲಿ, ಭಾನುವಾರ ಅಪ್ಪನ ದೋಣಿಯಲ್ಲಿ. "ಸುಮ್ನೆ ಬಂದೆ," ಅನ್ನುತ್ತಿದ್ದ. ಸುಮ್ಮನೆ ಬರುವವನು ಅಷ್ಟು ಸೆಂಟು ಹಾಕಿಕೊಳ್ಳುತ್ತಾನೆಯೇ?

ಆ ಕ್ಲಬ್ಬು ಕಾರವಾರಕ್ಕೆ ಹಾಯಿಹಡಗು ಬರುತ್ತಿದ್ದ ಕಾಲದ್ದು. ಜಗಲಿಯಲ್ಲಿ ಒಂದು ಹಳೇ ಹಡಗಿನ ಹಿತ್ತಾಳೆ ಗಂಟೆ, ಗೋಡೆ ತುಂಬ ಮೀಸೆಯವರ ಫೋಟೋ. ನೂಲ ಹುಣ್ಣಿಮೆಯಂದು ಕ್ಲಬ್ಬಿನ ದೋಣಿ ಕಾಳಿ ನದಿ ಕಡಲು ಸೇರುವ ಅಳಿವೆಗೆ ಹೋಗಿ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಬರುತ್ತದೆ. ಬಂದೊಡನೆ ಗಂಟೆ ಹೊಡೆದು, ಚುಕ್ಕಾಣಿ ಹಿಡಿದವರ ಹೆಸರು ಕೂಗಿ, ಜಗಲಿಗೆ ಕರೆಯಬೇಕು. ಗಂಟೆ ಆಗದೆ ದೋಣಿಯವರು ಇಳಿಯುವಂತಿಲ್ಲ. ಅವರು ಇಳಿಯದೆ ಜಗಲಿಯಲ್ಲಿ ಯಾರೂ ಉಣ್ಣುವಂತಿಲ್ಲ. ಹೆಂಗಸರಿಗೆ ಮಾತ್ರ ಆ ಜಗಲಿಯೇ ಇಲ್ಲ. ಹಿತ್ತಲಲ್ಲಿ ಬೇಯಿಸಬೇಕು, ಹಿತ್ತಲಲ್ಲೇ ಉಣ್ಣಬೇಕು.

ಇಷ್ಟು ವರ್ಷ ಚುಕ್ಕಾಣಿ ಹಿಡಿದಿದ್ದ ಅಪ್ಪನ ಭುಜ ಈಗ ಏಳುತ್ತಿಲ್ಲ. ಅಳಿವೆಯ ಸೆಳೆತಕ್ಕೆ ಹೆದರಿ ಬೇರೆ ಯಾರೂ ಒಪ್ಪಲಿಲ್ಲ. ಅಧ್ಯಕ್ಷ ರಾಮನಾಥರು ಹುಬ್ಬು ಗಂಟಿಕ್ಕಿ ಅಂದರು: "ಹೋಗಿ ಬಾ. ಆದ್ರೆ ಹೆಣ್ಣಿನ ಹೆಸರಿಗೆ ಗಂಟೆ ಹೊಡೆಯೂದಿಲ್ಲ."

ಹುಣ್ಣಿಮೆಯ ಬೆಳಿಗ್ಗೆ ದೋಣಿಯ ಹುಡುಗರು ಪುಟ್ಟು, ನಾಗ ಹುಟ್ಟು ಹಿಡಿದು ಕೂತಿದ್ದರು. ಸುಜಯ ಜಗಲಿಯಿಂದ ಇಳಿದು ಬಂದ, ಪ್ಯಾಂಟು ಮಡಚಿದ, ದೋಣಿ ಹತ್ತಿದ.

"ಸುಜಯ, ಮೇಲೆ ಬಾ!" ರಾಮನಾಥರ ಗುಡುಗು.

"ಗಂಟೆ ಆದ ಮೇಲೆ ಬತ್ತೆ, ಪಪ್ಪಾ."

ನನಗೆ ನಗು ತಡೆಯಲಾಗಲಿಲ್ಲ. "ಹುಟ್ಟು ಹಾಕೂಕೆ ಬರ್ತದಾ?"

"ನೀನಿದ್ದಿಯಲ, ಕಲಿಸು."

"ಅಡುಗೆಯವಳ ಹತ್ರ ಕಲೀತ್ಯಾ?"

"ಇನ್ನೂ ಮರೀಲಿಲ್ವಾ?"

"ಸಾಯೂ ತನಕ ಮರೆಯೂದಿಲ್ಲ."

"ಹಂಗಾದ್ರೆ ಸಾಯೂ ತನಕ ಜೊತೆಗೇ ಇರ್ಬೇಕಾಯ್ತು," ಎಂದು ನೀರು ನೋಡುತ್ತ ಹೇಳಿದ. ಚುಕ್ಕಾಣಿ ನನ್ನ ಕೈಯಲ್ಲಿ ಒಮ್ಮೆ ಜಾರಿತು. ನಾಗ ಕೆಮ್ಮಿದ.

ಕಾಯಿ ಕೊಟ್ಟು ಮರಳಿದೆವು. ದೋಣಿ ದಂಡೆಗೆ ತಾಗಿತು. ಗಂಟೆ ಆಗಲಿಲ್ಲ.

ನಾವು ಕೂತೆವು. ನೀರಿನ ಇಳಿತ ಶುರುವಾಗಿ ದೋಣಿ ಕೆಸರಲ್ಲಿ ಕೂತಿತು. ಹಿತ್ತಲಿನಿಂದ ಕಾಯಿ ಬೆಲ್ಲದ ಅನ್ನದ ಪರಿಮಳ. ಜಗಲಿಯ ಸದಸ್ಯರು ಖಾಲಿ ಬಾಳೆಎಲೆ ನೋಡುತ್ತ ಕೂತರು. ಪುಟ್ಟುವಿನ ಹೊಟ್ಟೆ ಎಲ್ಲರಿಗೂ ಕೇಳಿಸಿತು.

ಕೊನೆಗೆ ರಾಮನಾಥರೇ ಮೆಟ್ಟಿಲ ತುದಿಗೆ ಬಂದರು. "ಎಲ್ಲ ಕಾಣ್ತದೆ ನನ್ಗೆ. ಸುಜಯನ್ನ ಮದ್ವೆ ಆಗು. ನನ್ನ ಸೊಸೆ ಅಂತ ನಿನ್ನೊಬ್ಬಳನ್ನ ಜಗಲಿಗೆ ಕರೀತೆ. ಆಗ್ದಾ?"

ಬೇಕಾದದ್ದನ್ನೇ ಕೊಡುತ್ತಿದ್ದರು, ಕೊಡಬಾರದ ರೀತಿಯಲ್ಲಿ. ಬೇಡವೆಂದರೆ ಅವನು ಕೈತಪ್ಪಿದರೆ? ಭಯವಾಯಿತು. ಆದರೂ ಎದ್ದು ನಿಂತೆ.

"ಸುಜಯ ನನಗೆ ಬೇಕು, ಸರ್. ಎಲ್ಲರ ಎದುರು ಹೇಳ್ತೆ, ನನಗೆ ಅವ ಅಂದ್ರೆ ಜೀವ. ಆದ್ರೆ ಈ ಮೆಟ್ಟಿಲು ಹತ್ತೂದು ನಿಮ್ಮ ಸೊಸೆಯಾಗಿ ಅಲ್ಲ. ದೋಣಿ ತಂದವಳಾಗಿ."

ಸುಜಯನ ಕಡೆ ನೋಡುವ ಧೈರ್ಯವಿರಲಿಲ್ಲ. ಅವನೇ ಹುಟ್ಟನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡ. ಕಿವಿ ಕೆಂಡದ ಬಣ್ಣ.

"ನಾನೂ ಇಳಿಯೂದಿಲ್ಲ, ಪಪ್ಪಾ. ಅವ್ಳು ಹೇಳಿದ್ದೇ ಸರಿ. ಮೊದಲು ಗಂಟೆ, ಮದ್ವೆ ಮಾತು ಆಮೇಲೆ."

ಆಗ ಜಗಲಿಯಲ್ಲಿ ಗದ್ದಲ. ಹಿತ್ತಲ ಬಾಗಿಲಿನಿಂದ ಸುಜಯನ ಅಮ್ಮ ಮಂದಾಕಿನಿ, ಕೈಯಲ್ಲಿ ಸೌಟು ಹಿಡಿದುಕೊಂಡೇ, ಸೀದಾ ಜಗಲಿಗೆ ನಡೆದು ಬಂದರು. ಮದುವೆಯಾಗಿ ಬಂದಾಗಿನಿಂದ ಆ ಜಗಲಿಗೆ ಬೇಯಿಸಿ ಹಾಕಿದವರು. ಅದರ ಮೇಲೆ ಕಾಲಿಟ್ಟದ್ದು ಆವತ್ತೇ ಮೊದಲು. ಸದಸ್ಯರು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಮಂದಾಕಿನಿ ಸೌಟಿನಿಂದಲೇ ಗಂಟೆಗೆ ಹೊಡೆದರು.

"ರಕ್ಷಿತಾ ದೇವಿದಾಸ!" ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಇನ್ನೂ ಜೋರಾಗಿ ಕೂಗಿದರು. "ರಕ್ಷಿತಾ ದೇವಿದಾಸ! ಬಾರೆ ಮಗಾ, ಅನ್ನ ಆರ್ತದೆ."

ರಾಮನಾಥರು ಹೆಂಡತಿಯ ಮುಖ ನೋಡಿದರು. ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಸರಿದರು.

ಸುಜಯ ಕೆಸರಿಗೆ ಹಾರಿ ಕೈ ನೀಡಿದ. ಇಳಿಯಲು ನನಗೆ ಯಾರ ಕೈಯೂ ಬೇಕಿರಲಿಲ್ಲ. ಹಿಡಿದುಕೊಂಡೆ, ಮೆಟ್ಟಿಲು ಹತ್ತಿದ ಮೇಲೂ ಬಿಡಲಿಲ್ಲ.

ಅಷ್ಟರಲ್ಲಿ ಅನ್ನದ ಪಾತ್ರೆ ಹೊತ್ತ ಹೆಂಗಸರು ಅಂಗಳದ ಮೂಲೆಯಲ್ಲಿ ಅನುಮಾನಿಸುತ್ತ ನಿಂತಿದ್ದರು. ಸುಜಯ ಅವರತ್ತ ತಿರುಗಿ, ಇಡೀ ಜಗಲಿಗೆ ಕೇಳುವಂತೆ ಹೇಳಿದ:

"ಅಡುಗೆಯವರಿಗೆ ದಾರಿ ಮುಂದುಗಡೆ."