ತುಂಬಿದ ಕೆರೆಯ ಅಳತೆ

ಕೈಲಾಂಚದಾಚೆಯ ಕೆರೆಯ ಏರಿಯ ಮೇಲೆ ಸರ್ವೇಯರ್ ಮನೋಹರ್ ನಗುತ್ತ ಬಂದ. ಭಾನುಪ್ರಿಯ ಮುಖ ತಿರುಗಿಸಿದಳು. ತಲೆಯ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಇಳಿಸದೆಯೇ ಕೆರೆಯ ನಡುವಿನತ್ತ ಕೈ ತೋರಿದಳು.

ಶ್ರಾವಣದ ತುಂಬುನೀರಿನಲ್ಲಿ ಪುಟ್ಟ ನಡುಗಡ್ಡೆ. ಯತಿಗಳು ಚಾತುರ್ಮಾಸ್ಯಕ್ಕೆ ಒಂದೆಡೆ ನೆಲೆಸುವಂತೆ ಅದರ ಜಾಲಿಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಕುಳಿತಿದ್ದವು.

"ಅಲ್ಲಿ ಫ್ಯಾಕ್ಟರಿ ಗೋಡೌನ್ ಬತ್ತದಂತೆ. ರಸ್ತೆಗೆ ಮಣ್ಣು ತುಂಬ್ತಾರಂತೆ. ನಿಮ್ಮ ನಕ್ಷೇಲಿ ಅದು ಬಂಜರು ದಿಣ್ಣೆ ಅಂತೆ ಸಾರ್."

ಅವನ ನಗು ಆರಿತು. "ನಾನು ಅಳೆದಾಗ ನೀರೇ ಇರಲಿಲ್ಲ. ದಡಕ್ಕೆ ಸೇರ್ಕೊಂಡಿತ್ತು. ಹಕ್ಕಿಯೂ ಇರಲಿಲ್ಲ."

"ಬ್ಯಾಸ್ಗೇಲಿ ಎಲ್ಲಿರ್ತವೆ? ಸುತ್ತ ನೀರಿದ್ರೆ ನಾಯಿ ಓಗಕಿಲ್ಲ, ಮರಿ ಉಳೀತವೆ. ಅವು ಹಾರೋಗಂಟ ನಮ್ಮಪ್ಪ ತೂಬೇ ಎತ್ತಕಿಲ್ಲ, ಊರೋರು ಬೈದ್ರೂವೆ."

ಅವಳ ತಂದೆ ರಾಮಲಿಂಗಯ್ಯ ಆ ಕೆರೆಯ ನೀರುಗಂಟಿ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು.

"ಅಳೆಯಾಕೆ ಕೆರೆ ತುಂಬಿದ್ಮ್ಯಾಲೆ ಬನ್ನಿ ಅಂತ ಮೊದ್ಲೇ ಏಳಿದ್ನಲ್ಲ. ವೈಶಾಖದಲ್ಲೇ ಯಾಕ್ ಬಂದ್ರಿ? ಯಾರ್ ಅಟ್ಟಿಸ್ಕೊಂಡ್ ಬಂದಿದ್ರು?"

ಅವನು ನಡುಗಡ್ಡೆಯತ್ತಲೇ ನೋಡುತ್ತ ಹೇಳಿದ. "ಮಳೆ ಬರೋವರೆಗೂ ನಿನ್ನ ನೋಡ್ದೆ ಇರೋಕಾಗ್ಲಿಲ್ಲ."

ಅವಳ ಕಿವಿಯಂಚು ಕೆಂಪೇರಿತು. ಕಣ್ಣಿನ ಕೋಪ ಮಾತ್ರ ಇಳಿಯಲಿಲ್ಲ.

"ಸುಮ್ನೆ ಬರ್ಬೋದಿತ್ತಲ್ಲ. ಅಳತೆ ಸರಪಳಿ ಯಾಕ್ ತಂದ್ರಿ?"

ಎಷ್ಟು ಜತನದಿಂದ ಕಾಪಾಡಿಕೊಂಡಿದ್ದ ಮಾತು, ಎಂಥ ಕೆಟ್ಟ ಗಳಿಗೆಯಲ್ಲಿ ಹೊರಬಿತ್ತು! ತನ್ನ ಮೇಲೆಯೇ ಹಲ್ಲು ಕಡಿಯುತ್ತ ಅವನು ರಾಮನಗರದ ಬಸ್ಸು ಹತ್ತಿದ.

ಅಲ್ಲಿನ ಕಚೇರಿಯಲ್ಲಿ ಅವನ ಮಾತು ಕೇಳಿ ಮೇಲಧಿಕಾರಿ ಅನಂತರಾಜು ಕನ್ನಡಕ ತೆಗೆದಿಟ್ಟರು. "ಅಳೆದೋನೂ ನೀನೇ, ತಪ್ಪು ಅನ್ನೋನೂ ನೀನೇ. ನಿನ್ನ ಕುದೂರಿಗೆ ಎತ್ತಿ ಹಾಕ್ತೀನಿ ಕಣಯ್ಯ."

"ಹಾಕಿ ಸಾರ್. ಹೋಗೋಕ್ ಮುಂಚೆ ಇನ್ನೊಂದ್ಸಲ ಅಳೆಯೋಕೆ ಬಿಡಿ."

ಬೈದು ಬೈದು ದಣಿದ ಮೇಲೆ ಅವರು ಮರು ಅಳತೆಗೆ ಒಪ್ಪಿದರು, ವರ್ಗಾವಣೆಗೂ ಸಹಿ ಹಾಕಿದರು.

ಮರು ಅಳತೆಯ ದಿನ ತೆಪ್ಪವನ್ನು ಭಾನುಪ್ರಿಯಳೇ ನಡೆಸಿದಳು. ಸರಪಳಿಯ ಒಂದು ತುದಿ ದಡದಲ್ಲಿ ರಾಮಲಿಂಗಯ್ಯನ ಕೈಯಲ್ಲಿತ್ತು. ಮನೋಹರ್ ಇನ್ನೊಂದು ತುದಿ ಹಿಡಿದು ಸಾಗಿದಂತೆ ನಡುಭಾಗ ಬಾಗಿ ನೀರಿನಲ್ಲಿ ಮುಳುಗಿ ಮರೆಯಾಯಿತು.

"ಬರ್ಕೊಳಿ ಸಾರ್," ಎಂದಳು. "ನೀರು."

ನಕ್ಷೆಯ 'ಬಂಜರು ದಿಣ್ಣೆ'ಯನ್ನು ಹೊಡೆದು ಹಾಗೆಯೇ ಬರೆದುಕೊಂಡ. ಜಾಲಿಯ ಮೇಲೆ ಮರಿಗಳು ಬಾಯ್ದೆರೆದು ಕಿರುಚುತ್ತಿದ್ದವು. ಅವನು ತಗ್ಗಿದ ದನಿಯಲ್ಲಿ ಕೇಳಿದ: "ಭಾನು, ದಡ ಸೇರಿದ ಕೂಡ್ಲೇ ನಿನ್ನ ಕೊಡಿ ಅಂತ ನಿಮ್ಮಪ್ಪನ್ನ ಕೇಳ್ಲಾ?"

"ಮತ್ತೆ ಆತ್ರ. ಒಸಿ ಕಾಯೋದ್ ಕಲೀರಿ." ಹುಟ್ಟು ಹಾಕುತ್ತಲೇ ಕಡೆಗಣ್ಣಿಂದ ಅವನನ್ನು ನೋಡಿದಳು, ತುಟಿಯ ಕೊನೆಯಲ್ಲಿ ನಗು ಇಣುಕಿತ್ತು. "ಮರಿ ಹಾರ್ಲಿ. ಅಪ್ಪ ತೂಬು ಎತ್ತಿದ್ ದಿನ ಕುದೂರಿಂದ ಬನ್ನಿ. ಸರಪಳಿ ತರ್ಬ್ಯಾಡಿ."