ಹದಿನಾಲ್ಕನೇ ಪಾಠದ ಕೊನೆಯ ಪ್ರಶ್ನೆ

“ಈ ಇಪ್ಪತ್ತೇಳನೇ ನಂಬರಿನವರು ಯಾರು, ಟೀಚರ್?”

ಅವನು ಟ್ಯಾಬ್ಲೆಟ್‌ಗಳ ಪಟ್ಟಿಯಿದ್ದ ಕಾಗದವನ್ನು ಮೇಜಿನ ಮೇಲೆ ಅವಳತ್ತ ತಿರುಗಿಸಿದ. ಅವಳು ಕಾಗದ ನೋಡಲಿಲ್ಲ. ಅದನ್ನು ಒತ್ತಿ ಹಿಡಿದಿದ್ದ ಬೆರಳುಗಳನ್ನು ನೋಡಿದಳು. ತೋರುಬೆರಳಿನ ತುದಿಗೆ ಶಾಯಿ ಹತ್ತಿತ್ತು.

ಕಲಿಕೆ ಕೋಣೆಯಲ್ಲಿ ಹೆಸರು ಬರೆಸಿದವರು ಇಪ್ಪತ್ತಾರೇ ಜನ. ಬಟ್ಟೆ ಒಗೆಯುವವರು, ಅಡುಗೆ ಕೆಲಸದವರು, ಒಬ್ಬ ಮುದುಕ ವಾಚ್‌ಮನ್. ಚಿಕ್ಕಂದಿನಲ್ಲಿ ಶಾಲೆ ಕಾಣದವರೆಲ್ಲ ಮಧ್ಯಾಹ್ನ ಎರಡಕ್ಕೆ ಬಂದು, ಗ್ರ್ಯಾಂಟ್‌ನಲ್ಲಿ ಸಿಕ್ಕ ಟ್ಯಾಬ್ಲೆಟ್ ಮಡಿಲಲ್ಲಿಟ್ಟುಕೊಂಡು ಓದು ಕಲಿಯುತ್ತಿದ್ದರು. ಇಪ್ಪತ್ತೇಳನೆಯದು ಯಾರದಾದರೂ ಕೆಟ್ಟರೆ ಇರಲಿ ಎಂದು ಕೊಟ್ಟ ಹೆಚ್ಚುವರಿ ಟ್ಯಾಬ್ಲೆಟ್.

ಪಾಠಗಳನ್ನು ಮಾಡಿದವನು ಅವನು. ಬೇರೆ ಯಾರೂ ಸಿಗದೆ ಧ್ವನಿಯನ್ನೂ ತಾನೇ ಕೊಟ್ಟಿದ್ದ. ಇಲ್ಲಿ ಎಲ್ಲರಿಗೂ ಅವನು ‘ಟ್ಯಾಬ್ಲೆಟ್ ಸರ್’. ಎರಡು ವರ್ಷದ ಯೋಜನೆ ಇವತ್ತಿಗೆ ಮುಗಿಯಿತು. ಟ್ಯಾಬ್ಲೆಟ್‌ಗಳಿಂದ ತನ್ನ ಧ್ವನಿ ಅಳಿಸಿ, ಕಂಪ್ಯೂಟರ್ ಧ್ವನಿ ಹಾಕಿ, ಐದೂ ಕಾಲಿನ ಬಸ್ಸಿಗೆ ಅವನು ಹೊರಡಬೇಕಿತ್ತು. ಮತ್ತೆ ಬರುವ ಕೆಲಸವಿರಲಿಲ್ಲ. ಇಪ್ಪತ್ತಾರು ಆಗಲೇ ಮುಗಿದು, ಕಪಾಟಿನಲ್ಲಿ ಅವುಗಳ ಹಸಿರು ದೀಪಗಳು ಮಲಗಿದ ಮಕ್ಕಳ ಉಸಿರಿನಂತೆ ಮಿನುಗುತ್ತಿದ್ದವು. ಉಳಿದದ್ದು ಒಂದೇ.

“ಹದಿನಾಲ್ಕನೇ ಪಾಠ. ಈ ಊರಿನ ಬಸ್ಸಿನ ವೇಳಾಪಟ್ಟಿ ಓದೋದು,” ಎಂದ ಅವನು. “ಇವರು ಅದನ್ನ ನೂರಾ ಹನ್ನೊಂದು ಸಲ ಕೇಳಿದ್ದಾರೆ. ಕೊನೇ ಪ್ರಶ್ನೆಗೆ ಮಾತ್ರ ಒಂದು ಸಲಾನೂ ಉತ್ತರ ಕೊಟ್ಟಿಲ್ಲ.”

“ಅವರು ಬರೋದು ಬಿಟ್ಟಿದ್ದಾರೆ, ಸರ್.”

“ನಿನ್ನೆ ಸಂಜೆ ಐದೂ ಹತ್ತಕ್ಕೆ ಕೇಳಿದ್ದಾರಲ್ಲ.”

ಅವಳ ಕಿವಿ ಬಿಸಿಯಾಯಿತು. ಕೇಳಿದ ಹೊತ್ತನ್ನೂ ಟ್ಯಾಬ್ಲೆಟ್ ಬರೆದಿಟ್ಟುಕೊಳ್ಳುತ್ತದೆ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

ಪಕ್ಕದ ಹೊಲಿಗೆ ಅಂಗಡಿಯಿಂದ ಅವಳ ಚಿಕ್ಕಮ್ಮ ಇಣುಕಿದಳು. ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಗುಂಡುಸೂಜಿ.

“ಏನ್ ಸರ್, ಕಳ್ಳರನ್ನ ಹುಡುಕ್ತಿದೀರಾ?”

“ಇಲ್ಲ ಅಮ್ಮ. ಒಂದೇ ಪಾಠದಲ್ಲಿ ಸಿಕ್ಕಿಹಾಕ್ಕೊಂಡಿರೋರನ್ನ.”

“ಐದು ಗಂಟೆ ಮೇಲೆ ಈ ಕೋಣೆ ಬೀಗದಕೈ ಯಾರ ಹತ್ರ ಇರತ್ತೆ ಅಂತ ಕೇಳಿ. ತಾನಾಗೇ ಸಿಗ್ತಾರೆ.”

“ಚಿಕ್ಕಮ್ಮ, ನಿಮ್ಮ ಮಿಷನ್ ಕಾಯ್ತಿದೆ.”

“ಕಾಯ್ಲಿ ಬಿಡು. ಅದಕ್ಕೂ ನಿನ್ನ ಹಾಗೇ ಬಾಯಿಲ್ಲ,” ಎಂದು ಚಿಕ್ಕಮ್ಮ ಒಳಗೆ ಹೋದಳು.

ಕಿಟಕಿಯ ಬಿಸಿಲು ಮೇಜಿನ ಮೇಲೆ ಒಂದು ಗೇಣು ಸರಿದಿತ್ತು.

ಗಂಡ ತೀರಿಹೋಗಿ ಐದು ವರ್ಷ. ಅಲ್ಲಿಂದೀಚೆಗೆ ಅವಳ ದಿನವೆಲ್ಲ ಬೇರೆಯವರದು: ಬೆಳಿಗ್ಗೆ ಮಗಳದು, ಮಧ್ಯಾಹ್ನ ಈ ಇಪ್ಪತ್ತಾರು ಜನರದು, ಸಂಜೆ ಮತ್ತೆ ಒಲೆಯದು. ಬಾಗಿಲು ಹಾಕಿದ ಮೇಲೆ, ಚಿಕ್ಕಮ್ಮನ ಅಂಗಡಿಯಲ್ಲಿ ಆಡುವ ಮಗಳು ಪುಟ್ಟಿಯನ್ನು ಕರೆದುಕೊಳ್ಳುವ ಮುಂಚಿನ ಹನ್ನೆರಡು ನಿಮಿಷ ಮಾತ್ರ ಅವಳದು. ಆಗ ಅವಳು ಹೆಡ್‌ಫೋನ್ ಹಾಕಿಕೊಂಡು ಹದಿನಾಲ್ಕನೇ ಪಾಠ ಹಚ್ಚುತ್ತಿದ್ದಳು. ಕೊನೆಗೆ ಅವನು ಕೇಳುತ್ತಿದ್ದ: ‘ಬಸ್ಸು ತಪ್ಪಿಹೋದರೆ ನೀವೇನು ಮಾಡುತ್ತೀರಿ?’ ಆಮೇಲೆ ಹತ್ತು ಸೆಕೆಂಡು ಮೌನ. ಕಿವಿಗೊಟ್ಟರೆ ಆ ಮೌನದಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ಅವಳ ಉತ್ತರಕ್ಕಾಗಿ ಅಷ್ಟು ಹೊತ್ತು ಯಾರೂ ಕಾದದ್ದಿಲ್ಲ.

“ನಾನೇನ್ ಮಾಡ್ದೆ ಗೊತ್ತಾ?” ಅವನು ಕಾಗದದ ಮೂಲೆ ಮಡಿಸುತ್ತ ಹೇಳಿದ. “ಪಾಪ, ಯಾರಿಗೋ ಅರ್ಥ ಆಗ್ತಿಲ್ಲ ಅಂದ್ಕೊಂಡು ಆ ಪಾಠನ ನಾಲ್ಕು ಸಲ ಮತ್ತೆ ರೆಕಾರ್ಡ್ ಮಾಡ್ದೆ. ಪ್ರತಿ ಸಲ ಇನ್ನೂ ನಿಧಾನ. ಕಣ್ಣು ಮುಚ್ಕೊಂಡು, ಎದುರಿಗೆ ಒಬ್ಬರು ಕೂತಿದ್ದಾರೆ ಅಂದ್ಕೊಂಡು.”

ಅದು ಅವಳಿಗೆ ಗೊತ್ತಾಗಿತ್ತು. ಪ್ರತಿ ಸಲ ಧ್ವನಿ ಒಂದು ಹೆಜ್ಜೆ ಹತ್ತಿರ ಬಂದಿತ್ತು. ತನ್ನ ಭ್ರಮೆ ಎಂದು ತನ್ನನ್ನೇ ಬೈದುಕೊಂಡಿದ್ದಳು.

“ಯಾರು ಕೂತಿದ್ದಾರೆ ಅಂದ್ಕೊಂಡಿದ್ರಿ?”

ಅವನು ಅವಳ ಮುಖವನ್ನು ಒಮ್ಮೆ ನೋಡಿ, ನೋಟವನ್ನು ಗೋಡೆಯ ಗಡಿಯಾರಕ್ಕೆ ದಾಟಿಸಿದ. ಐದೂ ಹತ್ತು.

“ಹೊಸ ಧ್ವನಿ ಚೆನ್ನಾಗಿದೆ, ಟೀಚರ್. ಎಲ್ಲಾ ಸ್ಪಷ್ಟ. ಮಧ್ಯೆ ಉಸಿರಾಡಲ್ಲ,” ಎಂದು ಕೊನೆಯ ಟ್ಯಾಬ್ಲೆಟ್‌ಗೆ ಕೈಚಾಚಿದ.

ಅವಳ ಅಂಗೈ ಮೊದಲೇ ಅದರ ಮೇಲಿತ್ತು.

“ಒಂದು ನಿಮಿಷ, ಸರ್. ಇಪ್ಪತ್ತೇಳನೇ ನಂಬರಿನವರದು ಒಂದು ಉತ್ತರ ಬಾಕಿ ಇದೆ.”

ಹೆಡ್‌ಫೋನ್ ಇಲ್ಲದೆ, ಅವಳು ಪಾಠದ ಕೊನೆಯ ಭಾಗ ಹಚ್ಚಿದಳು. ಖಾಲಿ ಕೋಣೆಯ ತುಂಬ ಅವನ ಧ್ವನಿ ಹರಡಿತು. ಅವನು ನಾಚಿಕೊಂಡು ನೆಲ ನೋಡಿದ. ‘ಬಸ್ಸು ತಪ್ಪಿಹೋದರೆ ನೀವೇನು ಮಾಡುತ್ತೀರಿ?’ ಮೌನ ಶುರುವಾಯಿತು. ಎದುರಿಗಿದ್ದವನೂ ಉಸಿರು ಬಿಗಿಹಿಡಿದಿದ್ದ. ಅವಳು ಮೈಕಿನ ಗುಂಡಿ ಒತ್ತಿದಳು.

“ಮುಂದಿನ ಬಸ್ಸು ಬರೋ ತನಕ ಕಾಯ್ತೀನಿ,” ಎಂದಳು. “ಆದ್ರೆ ಒಬ್ಬಳೇ ಕಾದು ಸಾಕಾಗಿದೆ. ಜೊತೆಗೆ ಈ ಧ್ವನಿ ಇರಬೇಕು.”

ಪರದೆಯ ಮೇಲೆ ಹಸಿರು ಗುರುತು ಮೂಡಿತು. ಹೊರಗೆ ಬೀದಿ ಅದುರಿಸುತ್ತ ಐದೂ ಕಾಲಿನ ಬಸ್ಸು ಹಾದುಹೋಯಿತು.

“ಹೋಯ್ತು ನಿಮ್ಮ ಬಸ್ಸು.”

“ಹೋಗ್ಲಿ. ಮುಂದಿನದು?”

“ಆರೂ ಮುಕ್ಕಾಲು. ನೂರಾ ಹನ್ನೊಂದು ಸಲ ಕೇಳಿದೀನಿ, ಬಾಯಿಪಾಠ ಆಗಿದೆ.”

ಅವನು ನಕ್ಕ. ಪೆನ್ನು ತೆಗೆದು, ಕಾಗದದಲ್ಲಿ ಇಪ್ಪತ್ತೇಳರ ಮುಂದೆ ‘ಅಳಿಸಬಾರದು’ ಎಂದು ಬರೆದ. ಕುರ್ಚಿಯನ್ನು ಅವಳತ್ತ ಎಳೆದುಕೊಂಡ.

“ಎದುರಿಗೆ ಕೂತಿದ್ದು ನೀವೇ. ಮೊದಲನೇ ರೆಕಾರ್ಡಿಂಗ್‌ನಿಂದಾನೂ.” ಅವನ ಮಾತು ಮೆಲ್ಲಗಾಯಿತು. “ಪಾಠದಲ್ಲಿ ಇಲ್ಲದ ಒಂದು ಪ್ರಶ್ನೆ ಇದೆ. ನಿಮ್ಮನ್ನೂ ಕೇಳೋದಿದೆ, ಪುಟ್ಟಿಯನ್ನೂ ಕೇಳೋದಿದೆ.”

ಪಕ್ಕದಲ್ಲಿ ಹೊಲಿಗೆ ಮಿಷನ್ ಸದ್ದು ತಟ್ಟನೆ ನಿಂತಿತು.

ಅವಳು ಟ್ಯಾಬ್ಲೆಟ್ ಅನ್ನು ಮಡಿಲಿಗೆಳೆದುಕೊಂಡಳು.

“ನಿಧಾನವಾಗಿ ಕೇಳಿ, ಸರ್,” ಎಂದಳು. “ನಂಗೆ ಬೇಗ ಅರ್ಥ ಆಗಲ್ಲ.”