ಬೆಂಕಿಗೆ ಮುಖ ಮಾಡಿದವಳು

"ಬೆಟ್ಟದ ಬೆಂಕಿ ಬರ್ಕೊಳ್ಳಿ ಅಳಿಯಂದ್ರೇ. ಬದುಕಿರೋರ ಮುಖ ಮಾತ್ರ ಅದರ ಕಡೆ ತಿರುಗಿಸ್ಬೇಡಿ. ಹಿಡ್ಕೊಂಡ್ಬಿಡುತ್ತೆ." ಅತ್ತೆ ಬ್ರಿಜಿದಾ ಎರಡು ಬೆರಳನ್ನು ಕೊಂಬಿನಂತೆ ಚಾಚಿ ದೃಷ್ಟಿ ತೆಗೆದಳು.

ಚಿತ್ರಕಾರ ಒತ್ತಾವಿಯೊ ನಕ್ಕುಬಿಟ್ಟ. "ನಿಮ್ಮ ಬೆಟ್ಟಕ್ಕೆ ಕೈಯೂ ಇದೆಯಾ ಅತ್ತೆ? ಹಾಗಾದ್ರೆ ಒಂದು ಕುಂಚ ಅದಕ್ಕೂ ಕೊಡೋಣ."

ಉತ್ತರದ ಬೆರ್ಗಾಮೊದಿಂದ ಬಂದು, ಬೆಂಕಿಯುಗುಳುವ ವೆಸೂವಿಯೊ ಬೆಟ್ಟದ ಬುಡದ ಊರು ರೆಸೀನಾದಲ್ಲಿ ಮದುವೆಯಾಗಿ ಅವನಿಗೆ ಆರೇ ತಿಂಗಳು. ಊರವರ ಮಾತೆಲ್ಲ ಅವನ ಪಾಲಿಗೆ ಅಡಗೂಲಜ್ಜಿ ಕತೆ. ಇಂಥ ಜಾಣರನ್ನು ಆ ಬೆಟ್ಟ ಬೇಕಾದಷ್ಟು ಕಂಡಿದೆ.

ನಡುಹಗಲಲ್ಲೇ ಕಿಟಕಿ ಮುಚ್ಚಿ, ದೀಪ ಹಚ್ಚಿ, ಅವನು ರಾತ್ರಿಯನ್ನು ಬರೆಯತೊಡಗಿದ. ಮೊದಲು ಕ್ಯಾನ್ವಾಸಿಗೆಲ್ಲ ಕಗ್ಗಪ್ಪು; ಅದರೊಳಗಿಂದ ಕೆಂಪು, ಕಿತ್ತಳೆ, ಕೊನೆಗೆ ಹಳದಿ. ಅಗಸೆ ಎಣ್ಣೆಯ ಕಮಟು ಕೋಣೆ ತುಂಬಿತು. ಬೆಂಕಿಯ ಹೊಳೆಯೇನೋ ಹರಿಯಿತು, ಆದರೆ ಅದರ ಬೆಳಕು ಬೀಳಲು ಒಂದು ಮುಖ ಬೇಕಲ್ಲ? ಹೆಂಡತಿ ಕಂದಿದಾಳನ್ನು ಎದುರು ಕೂರಿಸಿಕೊಂಡ. ಹೆಬ್ಬೆರಳಿನಷ್ಟು ಹೆಣ್ಣನ್ನು ಬರೆದು, ಬಲಗೆನ್ನೆಗೆ ಒಂದು ಚುಕ್ಕೆ ಕೆಂಪಿಟ್ಟ.

"ಯಾಕೋ ಸೆಕೆ," ಎಂದಳು ಕಂದಿದಾ.

ಸಂಜೆಯೊಳಗೆ ಅವಳ ಮೈ ಕಾದ ಹೆಂಚಾಗಿತ್ತು. ಬಲಗೆನ್ನೆ ಮಾತ್ರ ಬೊಬ್ಬೆಯೆದ್ದಿತ್ತು. ಉಸಿರಿನಲ್ಲಿ ಗಂಧಕದ ನಾತ. ಒತ್ತಾವಿಯೊ ಬಣ್ಣ ಕೆರೆಯುವ ಚಾಕು ಹಿಡಿದು ಚಿತ್ರದತ್ತ ಓಡಿದ.

ಬ್ರಿಜಿದಾ ಅವನ ಮಣಿಕಟ್ಟು ಹಿಡಿದಳು. "ಕೆರೆದ್ರೆ ಅವಳೇ ಹೋಗ್ತಾಳೆ. ನೆರಳು ಕೊಡಿ."

ನೆರಳು ತಾನಾಗಿ ಬೀಳುವುದಿಲ್ಲ. ಬೆಂಕಿಗೂ ಅವಳಿಗೂ ನಡುವೆ ಏನಾದರೂ ನಿಲ್ಲಬೇಕು. ಬಂಡೆ ಬರೆದ. ಬಂಡೆ ಕೆಂಪಗೆ ಕಾದು, ಕರಗಿ ಇಳಿಯಿತು. ಮರ ಬರೆದ. ಮರ ಸುಟ್ಟು ಬೂದಿಯಾಯಿತು. ಕಂದಿದಾ ನರಳಿದಳು. ಜೀವಕ್ಕೆ ಜೀವವೇ ಅಡ್ಡ ನಿಲ್ಲಬೇಕೆಂದು ಅವನಿಗೆ ಹೊಳೆಯಿತು. ಕಣ್ಣು ತನಗೇ ತಿಳಿಯದೆ ಅತ್ತೆಯ ಮೇಲೆ ಹೋಯಿತು.

ಮುದುಕಿಗೆ ಅರ್ಥವಾಯಿತು. "ನನ್ನನ್ನೇ ಬರೀರಿ. ನಾನು ಗಿಡ್ಡಿ, ನೆರಳು ಅವಳ ಮುಖದವರೆಗೆ ಬರುತ್ತೋ ಇಲ್ವೋ ನೋಡ್ಕೊಳ್ಳಿ."

ಅವನಿಗೆ ಹುಟ್ಟಿದ ಮೇಲೆ ಅಂಥ ನಾಚಿಕೆಯಾಗಿರಲಿಲ್ಲ. ಕುಂಚವನ್ನು ಕಪ್ಪಿಗದ್ದಿದ. ಅಗಲ ಭುಜ. ಉದ್ದ ಕೋಟು. ಬೆಂಕಿಗೆ ಎದೆಯೊಡ್ಡಿ ನಿಂತ ಗಂಡಸು. ಮುಖಕ್ಕೆ ತನ್ನದೇ ಮೊಂಡು ಮೂಗು. ನೆರಳು ಉದ್ದವಾಯಿತು. ಹೆಂಡತಿಯ ಕಾಲು ಮುಚ್ಚಿತು. ಸೊಂಟ. ಕೊರಳು. ಕೆನ್ನೆ.

"ಅಮ್ಮಾ, ನೀರು," ಎಂದಳು ಕಂದಿದಾ. ಹಣೆ ತಣ್ಣಗಾಗಿತ್ತು.

ಒತ್ತಾವಿಯೊ ಮೆಲ್ಲಗೆ ಹಿಂದೆ ಸರಿದು ಗೋಡೆಗೊರಗಿದ.

"ಚಿತ್ರ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಅತ್ತೆ," ಎಂದ. "ಬಣ್ಣ ಇನ್ನೂ ಹಸಿ. ನಾನು ಅಳಿಸಿಹೋದ್ರೆ ಬೆಳಕು ಮತ್ತೆ ಅವಳ ಮೇಲೇ ಬೀಳುತ್ತೆ."

ಅವನ ಅಂಗಿಯ ಎದೆಭಾಗ ಆಗಲೇ ಹೊಗೆಯಾಡುತ್ತಿತ್ತು.